ಬೀಡಿ ಮುಟ್ಟದ ಅಮ್ಮನಿಗೆ ಸಿಒಪಿಡಿ: ಇನ್ನೆಷ್ಟು ವರ್ಷ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಮ್ಮನಿಗೆ 64 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ, ಅಪ್ಪನೂ ಸೇದುತ್ತಿರಲಿಲ್ಲ. ಏಳೆಂಟು ವರ್ಷದಿಂದ ಕೆಮ್ಮು, ಕಫ, ದಮ್ಮು. ಕಳೆದ ಮಳೆಗಾಲದಲ್ಲಿ ಉಸಿರು ಕಟ್ಟಿ ಐದು ದಿನ ಆಸ್ಪತ್ರೆಯಲ್ಲಿದ್ದರು. ತಿಂಗಳು ಬಿಟ್ಟು ಊದುವ ಪರೀಕ್ಷೆ ಮಾಡಿಸಿದಾಗ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಗಾಳಿ ಸರಾಗವಾಗಿ ಹೊರಬರದ ದೀರ್ಘಕಾಲದ ಶ್ವಾಸಕೋಶದ ರೋಗ ಎಂದರು. ಎಫ್‌ಇವಿ-1 ಶೇ. 42 ಬಂದಿದೆ. ಎತ್ತರ 150 ಸೆಂ.ಮೀ., ತೂಕ 41 ಕೆ.ಜಿ. ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಸಮತಟ್ಟಾದ ರಸ್ತೆ. ಅಷ್ಟರಲ್ಲೇ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತಾರೆ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 92, 93 ತೋರಿಸುತ್ತದೆ. ಮೊದಲ ಸಲ ಆಸ್ಪತ್ರೆ ಸೇರಿದ ಮೇಲೆ ಅರ್ಧಕ್ಕರ್ಧ ಜನ ಮೂರೂವರೆ ವರ್ಷದಲ್ಲಿ ತೀರಿಕೊಳ್ಳುತ್ತಾರೆ ಎಂದು ಎಲ್ಲೋ ಓದಿದೆ. ಅವತ್ತಿನಿಂದ ನಿದ್ದೆ ಸರಿ ಇಲ್ಲ. ಅಮ್ಮನಿಗೆ ಇನ್ನೆಷ್ಟು ವರ್ಷ, ಡಾಕ್ಟ್ರೇ? ದುಬೈನಲ್ಲಿರುವ ತಮ್ಮ ಆಕ್ಸಿಜನ್ ಮೆಷಿನ್ ಕೊಂಡುಬಿಡೋಣ ಅನ್ನುತ್ತಾನೆ. ಬೇಕೆ? ಅಮ್ಮ ಮಾತ್ರ ಇದ್ಯಾವುದನ್ನೂ ಕೇಳುವುದಿಲ್ಲ. ಅವರ ಪ್ರಶ್ನೆ ಒಂದೇ: ಈ ಸಲ ಅಡಿಕೆ ಸುಲಿಯೋಕೆ ಕೂರಬಹುದಾ?

ಉತ್ತರ: ನೀವು ಓದಿದ ಅಂಕಿ ಸುಳ್ಳಲ್ಲ. ಎಲ್ಲಿಯದು ಎಂಬುದೂ ನನಗೆ ಗೊತ್ತು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸಿಒಪಿಡಿಯಿಂದ ಮೊದಲ ಬಾರಿ ಆಸ್ಪತ್ರೆ ಸೇರಿದ 73,106 ಮಂದಿಯ ದಾಖಲೆ ಜಾಲಾಡಿ ತೆಗೆದ ಲೆಕ್ಕ ಅದು, 2012ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ತೀರಿಕೊಳ್ಳಲು ಹಿಡಿದ ಕಾಲ 3.6 ವರ್ಷ, ಮುಕ್ಕಾಲು ಪಾಲು ಜನ ಹೋಗಲು 7.7 ವರ್ಷ. ಆದರೆ ಅವರಲ್ಲಿ ಹೆಚ್ಚಿನವರು ನಿಮ್ಮ ತಾಯಿಗಿಂತ ಹಿರಿಯರು. ಇನ್ನೊಂದು ಮಾತು: ಇದೇ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆಯೇ ಒಂದು ಅಂಕಿ. ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ದಮ್ಮು ಏರಿ ಆಸ್ಪತ್ರೆ ಸೇರಬೇಕಾಗುವ ಮೊದಲನೇ ದೊಡ್ಡ ದಾಳಿಯಿಂದ ಎರಡನೆಯದಕ್ಕೆ ನಡುವಿನ ಅಂತರ ಸುಮಾರು 5.4 ವರ್ಷ. ಒಂಬತ್ತನೆಯದರಿಂದ ಹತ್ತನೆಯದಕ್ಕೆ ನಾಲ್ಕು ತಿಂಗಳೂ ಇಲ್ಲ. ಅಂದರೆ ಈ ರೋಗ ಗಡಿಯಾರದ ಹಾಗೆ ಒಂದೇ ವೇಗದಲ್ಲಿ ಓಡುವುದಿಲ್ಲ, ಪ್ರತಿ ದಾಳಿಯೂ ಮುಂದಿನದನ್ನು ಹತ್ತಿರಕ್ಕೆ ಎಳೆಯುತ್ತದೆ. ನಿಮ್ಮ ತಾಯಿ ಈಗ ಮೊದಲನೆಯದು ಮುಗಿಸಿ ನಿಂತಿದ್ದಾರೆ. ಎರಡನೆಯದು ಎಷ್ಟು ದೂರ ಎನ್ನುವುದರ ಮೇಲೆ ನಿಮ್ಮ ಪ್ರಶ್ನೆಯ ಉತ್ತರ ಬಹಳ ಮಟ್ಟಿಗೆ ನಿಂತಿದೆ.

ಈಗ ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಎಫ್‌ಇವಿ-1 ಎಂದರೆ ಎದೆ ತುಂಬ ಉಸಿರೆಳೆದು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ. ಅವರದೇ ವಯಸ್ಸಿನ, ಅವರಷ್ಟೇ ಎತ್ತರದ ಆರೋಗ್ಯವಂತ ಹೆಂಗಸು ನೂರು ಪಾಲು ಊದಿದರೆ ಇವರು 42 ಊದುತ್ತಾರೆ. 30ರಿಂದ 49ರ ನಡುವೆ ಇದ್ದರೆ ಮೂರನೇ ಹಂತ, ತೀವ್ರ ಎನ್ನುತ್ತೇವೆ. ಆದರೆ ಇದೊಂದನ್ನೇ ನೋಡಿ ಆಯಸ್ಸು ಹೇಳಲು ಹೊರಡುವುದು, ಬಾವಿಯ ಆಳ ಅಳೆದು ನೀರು ಎಷ್ಟು ತಿಂಗಳು ಬರುತ್ತದೆಂದು ಹೇಳಿದ ಹಾಗೆ. ಶೇ. 35 ಇಟ್ಟುಕೊಂಡು ತೋಟದ ಕೆಲಸ ನೋಡಿಕೊಳ್ಳುವವರಿದ್ದಾರೆ, ಶೇ. 50 ಇದ್ದೂ ಮಂಚ ಬಿಟ್ಟು ಏಳದವರಿದ್ದಾರೆ.

ಅದಕ್ಕೇ ಬಾರ್ತೊಲೊಮೆ ಸೆಲ್ಲಿ ಎಂಬ ವೈದ್ಯರ ತಂಡ 2004ರಲ್ಲಿ ಬೋಡ್ ಎಂಬ ಅಂಕಪಟ್ಟಿ ಮಾಡಿತು. ಅದರಲ್ಲಿ ನಾಲ್ಕು ಸಂಗತಿ: ಮೈತೂಕ, ಊದುವ ಬಲ, ದಮ್ಮು, ಮತ್ತು ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂಬುದು. ಒಟ್ಟು ಹತ್ತು ಅಂಕ, ಹೆಚ್ಚಿದ್ದಷ್ಟೂ ಕೆಟ್ಟದ್ದು. ನಿಮ್ಮ ತಾಯಿಯ ತೂಕ-ಎತ್ತರದ ಸೂಚ್ಯಂಕ 18 ಚಿಲ್ಲರೆ, 21ಕ್ಕಿಂತ ಕಡಿಮೆ, ಹಾಗಾಗಿ ಒಂದು ಅಂಕ. ಎಫ್‌ಇವಿ-1 42, ಎರಡು ಅಂಕ. ಸಮತಟ್ಟಿನಲ್ಲೂ ನೂರು ಮೀಟರಿನ ಆಸುಪಾಸಿನಲ್ಲಿ ನಿಲ್ಲಬೇಕಾದರೆ ಅದಕ್ಕೆ ಎರಡು ಅಂಕ. ಐದಾಯಿತು. ನಾಲ್ಕನೆಯದು, ಆರು ನಿಮಿಷದ ನಡಿಗೆ, ನಿಮ್ಮ ಪತ್ರದಲ್ಲಿ ಇಲ್ಲ. 350 ಮೀಟರ್ ಮುಟ್ಟಿದರೆ ಸೊನ್ನೆ, 250 ದಾಟಿದರೆ ಒಂದು, 150ರಿಂದ 249ರ ನಡುವೆ ನಿಂತರೆ ಎರಡು. ಅಂದರೆ ಒಟ್ಟು ಐದೂ ಆಗಬಹುದು, ಏಳೂ ಆಗಬಹುದು. ಸೆಲ್ಲಿ ತಂಡ ನೋಡಿದ 625 ರೋಗಿಗಳಲ್ಲಿ ಐದಾರು ಅಂಕದವರ ಪೈಕಿ ನಾಲ್ಕು ವರ್ಷದ ನಂತರವೂ ಇದ್ದವರು ನೂರಕ್ಕೆ ಸುಮಾರು 57. ಏಳರಿಂದ ಹತ್ತು ಅಂಕದವರಲ್ಲಿ ಬರೀ 18. ಹತ್ತರವರನ್ನೂ ಸೇರಿಸಿಕೊಂಡ ಗುಂಪಾದ್ದರಿಂದ ಏಳು ಅಂಕದವರ ಪಾಡು ಅಷ್ಟೇ ಎಂದು ತಿಳಿಯಬೇಕಿಲ್ಲ. ಆದರೂ ಆಸ್ಪತ್ರೆಯ ಒಂದು ಉದ್ದನೆಯ ಪಡಸಾಲೆ, ಒಂದು ಗಡಿಯಾರ, ಇಷ್ಟರಲ್ಲಿ ಮುಗಿಯುವ ಪರೀಕ್ಷೆ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ. ಮುಂದಿನ ಸಲ ಹೋದಾಗ ಇದನ್ನು ಕೇಳಿ ಮಾಡಿಸಿ.

ಇಷ್ಟು ಹೇಳಿ ಇದರ ದೌರ್ಬಲ್ಯವನ್ನೂ ಹೇಳಬೇಕು. ಬೋಡ್ ಪಟ್ಟಿಯ ರೋಗಿಗಳು ಅಮೆರಿಕ, ಸ್ಪೇನ್, ವೆನೆಜುವೆಲಾದವರು, ಬಹುತೇಕ ಗಂಡಸರು. ಸಿಗರೇಟು ಸೇದುವವನ ಆಯಸ್ಸನ್ನು ಕಡಿಮೆ ಮಾಡುವುದು ಶ್ವಾಸಕೋಶ ಒಂದೇ ಅಲ್ಲ, ಹೃದಯವಿದೆ, ಕ್ಯಾನ್ಸರ್ ಇದೆ. ಅಮೆರಿಕದ 2009ರ ಒಂದು ಲೆಕ್ಕದ ಪ್ರಕಾರ ಮೂರು, ನಾಲ್ಕನೇ ಹಂತದ 65 ವರ್ಷದ ಗಂಡಸು ಈಗಲೂ ಸೇದುತ್ತಿದ್ದರೆ ರೋಗದಿಂದ 5.8 ವರ್ಷ, ಅದರ ಮೇಲೆ ಸೇದಿದ್ದರಿಂದ ಇನ್ನೊಂದು 3.5 ವರ್ಷ ಕಳೆದುಕೊಳ್ಳುತ್ತಾನೆ. ಅದೇ ಹಂತದಲ್ಲಿರುವ, ಎಂದೂ ಸೇದದವನ ನಷ್ಟ 1.3 ವರ್ಷ ಮಾತ್ರ. ಇದನ್ನು ಓದಿ ಸಮಾಧಾನದ ಉಸಿರು ಬಿಡಬೇಡಿ, ಇನ್ನೂ ಸ್ವಲ್ಪ ತಾಳಿ. ಆ ಸೇದದವರು ಸೌದೆ ಒಲೆಯ ಮುಂದೆ ಕೂತವರಲ್ಲ.

ನಿಮ್ಮ ತಾಯಿಯ ಬೀಡಿ ಅದು, ಒಲೆ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸುತ್ತಾರೆ. ಗುಣಲಬ್ಧ 60 ದಾಟಿದರೆ ವರ್ಷಗಟ್ಟಲೆ ಬಿಡದ ಕಫ-ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ಹದಿನೆಂಟಕ್ಕೆ ಮದುವೆಯಾಗಿ ಬಂದು, ಐವತ್ತರವರೆಗೆ ದಿನಕ್ಕೆ ನಾಲ್ಕು ಗಂಟೆ ಸೌದೆ ಒಲೆ ಊದಿದವರ ಲೆಕ್ಕ 128. ಮಲೆನಾಡಿನ ದೊಡ್ಡ ಸಂಸಾರದಲ್ಲಿ ನಾಲ್ಕು ಗಂಟೆ ಎನ್ನುವುದು ಕಡಿಮೆಯೇ. ಸಿಒಪಿಡಿ ಎಂದರೆ ಸೇದುವ ಗಂಡಸರ ರೋಗ ಎಂಬ ಕಲ್ಪನೆ ನಮ್ಮ ವೈದ್ಯರಲ್ಲೇ ಬಹಳ ಕಾಲ ಇತ್ತು. ಭಾರತದಲ್ಲಿ ಈ ರೋಗದವರು 1990ರಲ್ಲಿ ಸುಮಾರು 2.8 ಕೋಟಿ, 2016ಕ್ಕೆ ಸುಮಾರು 5.5 ಕೋಟಿ. ಈ ಹೊರೆಯಲ್ಲಿ ತಂಬಾಕಿನ ಪಾಲಿಗಿಂತ ಒಳಗಿನ ಮತ್ತು ಹೊರಗಿನ ಕೆಟ್ಟ ಗಾಳಿಯ ಪಾಲು ಎರಡು ಪಟ್ಟಿಗೂ ಹೆಚ್ಚು.

ಸೌದೆ ಹೊಗೆಯಿಂದ ಬಂದದ್ದು ಸಿಗರೇಟಿನಿಂದ ಬಂದದ್ದಕ್ಕಿಂತ ಮೃದುವೇ? ಮೆಕ್ಸಿಕೋ ನಗರದ ವೈದ್ಯರು ಎರಡೂ ಬಗೆಯ ರೋಗಿಗಳನ್ನು ಹದಿನೈದು ವರ್ಷ ಹಿಂಬಾಲಿಸಿದರು. ಸೇದುವವರ ಎಫ್‌ಇವಿ-1 ವರ್ಷಕ್ಕೆ ಸರಾಸರಿ 42 ಮಿಲಿಲೀಟರ್ ಇಳಿದರೆ ಒಲೆಯ ಹೊಗೆಯವರದು 23. ಹೆಚ್ಚೂಕಡಿಮೆ ಅರ್ಧ. ಆದರೆ ಅದೇ ತಂಡ 2006ರಲ್ಲಿ ನೋಡಿದಾಗ, ವಯಸ್ಸು ಮತ್ತು ರೋಗದ ಹಂತ ಸರಿದೂಗಿಸಿದ ಮೇಲೆ, ಬದುಕುಳಿಯುವಿಕೆಯಲ್ಲಿ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ನಾನು ಇದನ್ನು ಹೀಗೆ ಓದಿಕೊಳ್ಳುತ್ತೇನೆ: ಒಲೆಯ ರೋಗ ನಿಧಾನ, ಆದರೆ ಹೆಂಗಸರು ಆಸ್ಪತ್ರೆಗೆ ಬರುವುದು ತಡ. "ವಯಸ್ಸಾಯ್ತಲ್ಲ, ದಮ್ಮು ಬರ್ದೆ ಇರುತ್ತಾ" ಎನ್ನುವುದರಲ್ಲೇ ಏಳೆಂಟು ವರ್ಷ ಹೋಗಿರುತ್ತದೆ. ನಿಮ್ಮ ಮನೆಯಲ್ಲೂ ಹೋಗಿದೆ.

ಇನ್ನು ನಾನು ನಿಮ್ಮನ್ನು ಕೇಳಬೇಕಾದ ಒಂದು ಪ್ರಶ್ನೆ. ಅಡುಗೆಗೆ ಗ್ಯಾಸ್ ಬಂದು ಹತ್ತು ವರ್ಷವೇ ಆಗಿರಬಹುದು, ಸರಿ. ಬಚ್ಚಲಿನ ಹಂಡೆಗೆ ಏನು ಹಾಕುತ್ತೀರಿ? ನಮ್ಮ ಕಡೆಯ ಹೆಂಗಸರು ಕೋಣೆಗೆ ಬಂದು ಕೂತಾಗ "ಗ್ಯಾಸ್ ಇದೆಯಾ" ಎಂದರೆ ಎಲ್ಲರೂ ಇದೆ ಎನ್ನುತ್ತಾರೆ. ಬಚ್ಚಲೊಲೆ ಅವರ ಲೆಕ್ಕದಲ್ಲಿ ಒಲೆಯೇ ಅಲ್ಲ. ಮಳೆಗಾಲದ ಹಸಿ ಸೌದೆ, ಅಡಿಕೆ ಹಾಳೆ, ತೆಂಗಿನ ಗರಿ, ಬೆಳಿಗ್ಗೆ ಐದೂವರೆಗೆ ಬಾಗಿಲು ಮುಚ್ಚಿದ ಬಚ್ಚಲಲ್ಲಿ ಬಗ್ಗಿ ಊದುವುದು ಹೆಚ್ಚಾಗಿ ಮನೆಯ ಹಿರಿಯ ಹೆಂಗಸೇ. ನಿಮ್ಮ ತಾಯಿ ಈಗಲೂ ಹಾಗೆ ಮಾಡುತ್ತಿದ್ದರೆ ಅವರಿನ್ನೂ ಬೀಡಿ ಬಿಟ್ಟಿಲ್ಲ ಎಂದೇ ಲೆಕ್ಕ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಗಳಲ್ಲಿ ಸೌದೆ ಬಿಟ್ಟು ಗೋಬರ್ ಗ್ಯಾಸಿನಂಥ ಜೈವಿಕ ಅನಿಲಕ್ಕೆ ಬದಲಾದ, ಜೊತೆಗೆ ಅಡುಗೆಮನೆಯ ಗಾಳಿಯಾಟ ಸರಿಮಾಡಿಕೊಂಡ ಮನೆಗಳವರ ಶ್ವಾಸಕೋಶ ಒಂಬತ್ತು ವರ್ಷದಲ್ಲಿ ಬೇರೆಯವರಿಗಿಂತ ನಿಧಾನವಾಗಿ ಕುಗ್ಗಿದ್ದು ದಾಖಲಾಗಿದೆ. ಹೋದದ್ದು ಬರುವುದಿಲ್ಲ, ಇಳಿಜಾರು ತಗ್ಗುತ್ತದೆ. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆಗೊಳವೆಯ ಅಸ್ತ್ರ ಒಲೆ ಮಾಡಿಕೊಟ್ಟು ನಾಲ್ಕು ದಶಕವಾಯಿತು. ಅಡುಗೆಮನೆಗಳಿಗೆ ಅದು ಹೋಯಿತು, ಎಷ್ಟೋ ಬಚ್ಚಲುಗಳು ಹಾಗೇ ಉಳಿದವು. ತಮ್ಮನ ದುಬೈ ದುಡ್ಡು ಮೊದಲು ಅಲ್ಲಿಗೆ ಹೋಗಲಿ, ಒಂದು ಕರೆಂಟಿನ ಗೀಸರ್‌ಗೆ. ಕರೆಂಟು ನಂಬುವ ಹಾಗಿಲ್ಲವೆಂದರೆ ಹಂಡೆ ಹೊರಗಿನ ತೆರೆದ ಚಪ್ಪರಕ್ಕೆ ಹೋಗಲಿ, ಬೆಂಕಿ ಹಾಕುವ ಕೆಲಸ ಇನ್ನೊಬ್ಬರದಾಗಲಿ. ಗ್ಯಾಸ್ ಗೀಸರನ್ನು ಗಾಳಿಯಾಡದ ಬಚ್ಚಲೊಳಗೆ ಮಾತ್ರ ಹಾಕಿಸಬೇಡಿ, ವಿಷಾನಿಲ ತುಂಬಿ ಗಟ್ಟಿಮುಟ್ಟಾದವರೇ ಸತ್ತಿದ್ದಾರೆ.

ಆಕ್ಸಿಜನ್ ಮೆಷಿನ್ ವಿಷಯಕ್ಕೆ ಬರುತ್ತೇನೆ. ದೂರದಲ್ಲಿರುವ ಮಕ್ಕಳು ಪ್ರೀತಿಯನ್ನು ಮೆಷಿನ್ ರೂಪದಲ್ಲಿ ಕಳಿಸುವುದು ಹೊಸದಲ್ಲ, ಕೋವಿಡ್ ನಂತರ ಇನ್ನೂ ಜಾಸ್ತಿ. ಮನೆಯಲ್ಲಿ ಆಕ್ಸಿಜನ್ ಕೊಟ್ಟು ಆಯಸ್ಸು ಹೆಚ್ಚಾಗುವುದು ನಿಜ, ಈ ರೋಗದಲ್ಲಿ ಗಟ್ಟಿಯಾಗಿ ಸಾಬೀತಾದ ಕೆಲವೇ ಸಂಗತಿಗಳಲ್ಲಿ ಅದೂ ಒಂದು. 1981ರ ಬ್ರಿಟನ್ನಿನ ಪ್ರಯೋಗದಲ್ಲಿ ದಿನಕ್ಕೆ 15 ಗಂಟೆ ಆಕ್ಸಿಜನ್ ಪಡೆದ 42 ಮಂದಿಯಲ್ಲಿ ಐದು ವರ್ಷದೊಳಗೆ ತೀರಿಕೊಂಡವರು 19. ಪಡೆಯದ 45 ಮಂದಿಯಲ್ಲಿ 30. ಆದರೆ ಅವರೆಲ್ಲ ರಕ್ತದ ಆಕ್ಸಿಜನ್ ತೀರ ಇಳಿದವರು, ಇವತ್ತಿನ ಅಳತೆಯಲ್ಲಿ ಆರಾಮಾಗಿ ಕೂತಿರುವಾಗಲೂ 88 ಅಥವಾ ಅದಕ್ಕಿಂತ ಕೆಳಗೆ ಇರುವವರು. ನಿಮ್ಮ ತಾಯಿಯಂತೆ 89ರಿಂದ 93ರ ನಡುವೆ ಇರುವವರಿಗೂ ಲಾಭವಿದೆಯೇ ಎಂದು ಅಮೆರಿಕದಲ್ಲಿ 738 ಜನರ ಮೇಲೆ ನೋಡಿದರು. 2016ರಲ್ಲಿ ಫಲಿತಾಂಶ ಬಂತು. ಆಯಸ್ಸೂ ಹೆಚ್ಚಲಿಲ್ಲ, ಆಸ್ಪತ್ರೆ ಸೇರುವುದೂ ತಪ್ಪಲಿಲ್ಲ. ಹಾಗಾಗಿ ಈಗ ಬೇಡ. ಮೂಗಿಗೆ ನಳಿಕೆ ಹಾಕಿಕೊಂಡು ಗೋಡೆ ಬದಿಗೆ ಕೂತರೆ ನಡೆಯುವ ಕಾಲು ಇನ್ನಷ್ಟು ಸೋಲುತ್ತದೆ, ಅಷ್ಟೇ ಲಾಭ. ಕೂತಲ್ಲೇ 88 ಅಥವಾ ಅದಕ್ಕಿಂತ ಕಡಿಮೆ ಪದೇಪದೇ ಕಂಡರೆ ವೈದ್ಯರ ಬಳಿ ಹೋಗಿ, ಅವತ್ತು ನಾನೇ ಕೊಳ್ಳಿ ಎನ್ನುತ್ತೇನೆ. ಅವತ್ತೂ "ಜಾಸ್ತಿ ಬಿಟ್ಟರೆ ಒಳ್ಳೇದು" ಎಂದು ಐದು ಲೀಟರ್ ತಿರುಗಿಸಬಾರದು. ಈ ರೋಗದವರಿಗೆ 88ರಿಂದ 92ರವರೆಗೆ ಸಾಕು. ಆಂಬುಲೆನ್ಸಿನಲ್ಲಿ ಅಳತೆ ಮೀರಿ ಆಕ್ಸಿಜನ್ ಪಡೆದವರಿಗಿಂತ ಅಳೆದು ಪಡೆದವರೇ ಹೆಚ್ಚು ಬದುಕಿದ್ದನ್ನು ಟಾಸ್ಮೇನಿಯಾದ 2010ರ ಪ್ರಯೋಗ ತೋರಿಸಿದೆ.

ಎರಡನೇ ದಾಳಿಯನ್ನು ದೂರ ಇಡುವುದು ಹೇಗೆ ಎಂದರೆ, ಬೇಸರದ ಉತ್ತರ: ಪಂಪು (ಬಾಯಿಂದ ಔಷಧ ಎಳೆದುಕೊಳ್ಳುವ ಇನ್‌ಹೇಲರ್), ದಿನಾ, ಸರಿಯಾಗಿ. ಪಂಪು ಹಿಡಿದರೆ ಅಭ್ಯಾಸ ಆಗಿಬಿಡುತ್ತದೆ ಎಂದು ಹೆದರಿ ಅದನ್ನು ಕಪಾಟಿನಲ್ಲಿಟ್ಟು, ದಮ್ಮು ಬಂದಾಗ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಗುಳಿಗೆ ನುಂಗುವುದು ನಮ್ಮ ಹಳ್ಳಿಗಳ ಪದ್ಧತಿ. ಉಲ್ಟಾ ಆಗಬೇಕು. ಪದೇಪದೇ ನುಂಗುವ ಆ ಗುಳಿಗೆ ಮೂಳೆ, ಸ್ನಾಯು ಎರಡನ್ನೂ ತಿನ್ನುತ್ತದೆ, ರಕ್ತದ ಸಕ್ಕರೆ ಏರಿಸುತ್ತದೆ. ಮೂರು ಔಷಧ ಸೇರಿದ ಪಂಪುಗಳು ಮೇಲಿಂದ ಮೇಲೆ ದಾಳಿಗೆ ತುತ್ತಾಗುವವರಲ್ಲಿ, ಶ್ವಾಸನಾಳ ಅಗಲಿಸುವ ಎರಡೇ ಔಷಧದ ಪಂಪಿಗಿಂತ ಸಾವನ್ನು ಕಡಿಮೆ ಮಾಡಿದ ಸೂಚನೆ 2018 ಮತ್ತು 2020ರ ಎರಡು ದೊಡ್ಡ ಪ್ರಯೋಗಗಳಲ್ಲಿ ಸಿಕ್ಕಿದೆ. ನಿಮ್ಮ ತಾಯಿಗೆ ಯಾವುದು ಎಂಬುದನ್ನು ಅವರನ್ನು ನೋಡುವ ವೈದ್ಯರೇ ಹೇಳಬೇಕು. ನೀವು ಊರಿಗೆ ಹೋದಾಗ ಮಾಡಬೇಕಾದ್ದು ಒಂದೇ, ಎದುರಿಗೆ ಕೂತು "ಹೇಗೆ ತಗೊಳ್ತೀಯ, ತೋರಿಸಮ್ಮ" ಎನ್ನುವುದು. ಕ್ಯಾಪ್ಸೂಲನ್ನು ಪಂಪಿಗೆ ಹಾಕದೆ ನೀರಿನಲ್ಲಿ ನುಂಗುತ್ತಿದ್ದವರನ್ನು ನೋಡಿದ್ದೇನೆ, ಖಾಲಿ ಡಬ್ಬಿ ಎರಡು ತಿಂಗಳು ಒತ್ತುತ್ತಿದ್ದವರನ್ನೂ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ಜೊತೆಗೆ ನ್ಯುಮೋನಿಯಾದ ಲಸಿಕೆ, ಮಳೆಗಾಲ ಹಿಡಿಯುವ ಮೊದಲೇ ಆಗಲಿ. ಕಫ ಹಳದಿ-ಹಸಿರಾಗಿ, ದಮ್ಮು ದಿನಕ್ಕಿಂತ ದಿನ ಏರಿದರೆ "ನಾಳೆ ನೋಡೋಣ" ಬೇಡ.

ಇಷ್ಟರ ಮೇಲೆ ನಡಿಗೆ ಮತ್ತು ಊಟ. ಬೋಡ್ ಪಟ್ಟಿಯಲ್ಲಿ ನಿಮ್ಮ ಕೈಗೆ ಸಿಗುವುದು ಇವೇ. ಊದುವ ಬಲ 42ರಿಂದ 60 ಆಗುವುದಿಲ್ಲ, ಆದರೆ 240 ಮೀಟರ್ ನಡೆಯುವವರು 300 ನಡೆಯುವಂತಾಗಬಹುದು, ಹತ್ತು ವಾರ ಸಾಕು. ಅಮೆರಿಕದ 1,97,376 ರೋಗಿಗಳ ದಾಖಲೆಯಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾದ 90 ದಿನದೊಳಗೆ ಶ್ವಾಸಕೋಶ ಪುನಶ್ಚೇತನದ ವ್ಯಾಯಾಮ ಶುರು ಮಾಡಿದವರಲ್ಲಿ ಒಂದು ವರ್ಷದಲ್ಲಿ ತೀರಿಕೊಂಡವರು ಶೇ. 7.3, ಮಾಡದವರಲ್ಲಿ ಶೇ. 19.6. ಗಟ್ಟಿ ಇದ್ದವರೇ ವ್ಯಾಯಾಮಕ್ಕೆ ಹೋಗಿರುತ್ತಾರೆ, ಹಾಗಾಗಿ ಪೂರ್ತಿ ವ್ಯತ್ಯಾಸ ವ್ಯಾಯಾಮದ್ದೆಂದು ನಾನು ನಂಬುವುದಿಲ್ಲ. ಅರ್ಧ ನಂಬಿದರೂ ಸಾಲದೇ? ನಿಮ್ಮ ಅಂಗಳವೇ ಸಾಕು. ಹತ್ತು ನಿಮಿಷದಿಂದ ಶುರು ಮಾಡಿ, ದಮ್ಮು ಬಂದರೆ ನಿಂತು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕೂಡಿಸಿ ಉಸಿರು ಬಿಟ್ಟು, ಮತ್ತೆ ನಡೆಯಲಿ. ದಮ್ಮು ಬಂದದ್ದಕ್ಕೆ ಶ್ವಾಸಕೋಶ ಸವೆಯುವುದಿಲ್ಲ, ಈ ಹೆದರಿಕೆ ತೆಗೆಯಿರಿ. ಊಟ ಒಂದೇ ಸಲ ತಟ್ಟೆ ತುಂಬ ಬೇಡ. ಹೊಟ್ಟೆ ಬಿಗಿದರೆ ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಳಿಯಲು ಜಾಗವಿಲ್ಲ, ದಮ್ಮು ಬರುತ್ತದೆ, ಅದಕ್ಕೇ ಅವರು ಊಟ ಬಿಡುತ್ತಾರೆ. ಐದಾರು ಸಲ ಸ್ವಲ್ಪ ಸ್ವಲ್ಪ, ಪ್ರತಿ ಸಲವೂ ಹೆಸರುಕಾಳೋ ಮೊಸರೋ ಮೊಟ್ಟೆಯೋ ಏನಾದರೊಂದು. ಬರೀ ಗಂಜಿ-ಉಪ್ಪಿನಕಾಯಿಯಲ್ಲಿ 41 ಕೆ.ಜಿ. 45 ಆಗುವುದಿಲ್ಲ.

ಹೃದಯವನ್ನೊಮ್ಮೆ ನೋಡಿಸಿ. ಹಿಂದೆ ಟಿ.ಬಿ. ಆಗಿತ್ತೇ ಎಂಬುದನ್ನೂ ವೈದ್ಯರಿಗೆ ತಿಳಿಸಿ.

ಈಗ ನೀವು ಕೇಳಿದ್ದಕ್ಕೆ ನೇರವಾಗಿ. ನಿಮ್ಮ ತಾಯಿಯದು ತಿಂಗಳುಗಳ ಮಾತಲ್ಲ, ವರ್ಷಗಳ ಮಾತು. ನೀವು ಕೊಟ್ಟ ವಿವರದಲ್ಲಿ, ನಾಲ್ಕು ವರ್ಷದ ನಂತರ ಅವರು ಇರುವ ಸಂಭವ ಇಲ್ಲದಿರುವುದಕ್ಕಿಂತ ಹೆಚ್ಚು ಎಂದು ನನ್ನ ಅಂದಾಜು. ಹೊಗೆ ನಿಂತು, ತೂಕ ಹತ್ತಿ, ಮುಂದಿನ ಎರಡು ಮಳೆಗಾಲ ಆಸ್ಪತ್ರೆ ಸೇರದೆ ಕಳೆದರೆ ಹತ್ತು ವರ್ಷದ ಮಾತನ್ನೂ ಆಡುತ್ತೇನೆ. ವರ್ಷದೊಳಗೆ ಮತ್ತೆರಡು ಸಲ ಆಸ್ಪತ್ರೆ, ತೂಕ 38ಕ್ಕೆ, ಕೂತಲ್ಲೇ ಆಕ್ಸಿಜನ್ 88ರ ಕೆಳಗೆ ಎಂದಾದರೆ ನನ್ನ ಮಾತು ಬದಲಾಗುತ್ತದೆ, ಆಗ ಬೇರೆ ಮಾತುಕತೆಗೆ ಕೂರೋಣ. ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಹೋಗುವುದು ಅವರಿಗೆ ಬೇಕೆ ಬೇಡವೇ ಎಂಬುದನ್ನು ಮಾತ್ರ, ಅವರು ಚೆನ್ನಾಗಿರುವ ಒಂದು ದಿನ, ಅವರನ್ನೇ ಕೇಳಿ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಲ್ಲಿ ನೀವಿಬ್ಬರು ಅಣ್ಣತಮ್ಮ ಫೋನಿನಲ್ಲಿ ತೀರ್ಮಾನಿಸುವ ವಿಷಯವಲ್ಲ ಅದು.

ಅಮ್ಮನ ಪ್ರಶ್ನೆಗೆ ಉತ್ತರ ಹೌದು. ಮೆಟ್ಟುಗತ್ತಿ ಇಟ್ಟುಕೊಂಡು ನಾಲ್ಕು ಜನರ ಜೊತೆ ಮಾತಾಡುತ್ತ ಹಸಿ ಅಡಿಕೆ ಸುಲಿಯುವುದರಿಂದ ಶ್ವಾಸಕೋಶಕ್ಕೆ ತೊಂದರೆಯಿಲ್ಲ. ಕೂರುವ ಜಾಗ ಅಡಿಕೆ ಬೇಯಿಸುವ ಒಲೆಯಿಂದ ದೂರವಿರಲಿ, ಗಾಳಿ ಒಲೆಯ ಕಡೆಯಿಂದ ಇವರತ್ತ ಬೀಸದ ಬದಿಯಲ್ಲಿ. ಒಣಗಿದ ಅಡಿಕೆ ಗುಡಿಸಿ ತುಂಬುವ ದಿನ ದೂಳೇಳುತ್ತದೆ, ಅವತ್ತು ಮನೆಯೊಳಗಿರಲಿ. ರಾತ್ರಿ ಹತ್ತರ ಚಳಿಗೆ ಮೊದಲೇ ಎಬ್ಬಿಸಿ ಕಳಿಸಿ. ಹಂಡೆಯ ಬೆಂಕಿ ನೋಡಿಕೊಳ್ಳುವ ಕೆಲಸ ಈ ಸಲ ನಿಮ್ಮದು, ರಜೆ ಹಾಕಿ ಬನ್ನಿ.